ನಡುವೆ ಯಾರೂ ಮುಟ್ಟಬೇಕಾಗಿಲ್ಲ

ಹಾಸಿಗೆ ಒದ್ದೆ ಮಾಡುತ್ತಿದ್ದವಳು ಅಜ್ಜಿ. ಬೈಸಿಕೊಳ್ಳುತ್ತಿದ್ದವಳು ಮೊಮ್ಮಗಳು. ಆ ಮನೆಯ ಕಥೆ ಇಷ್ಟೇ. ಮಿಕ್ಕಿದ್ದೆಲ್ಲ ಬಟ್ಟೆ ಒಗೆಯುವ ಮಷಿನ್ನಿನ ಜಗಳ.

ಮೊದಲ ಸಲ ಆದಾಗ ಅಜ್ಜಿಗೆ ಏನಾಯಿತೆಂದೇ ತಿಳಿಯಲಿಲ್ಲ. ಬೆಳಕು ಹರಿಯುವಾಗ ಎಚ್ಚರವಾಯಿತು. ಸೀರೆ ತೊಡೆಗೆ ಅಂಟಿತ್ತು, ಕೈಯಿಟ್ಟು ನೋಡಿದರೆ ಹಾಸಿಗೆ ಬೆಚ್ಚಗಿತ್ತು. ಅಡುಗೆಮನೆಯಲ್ಲಿ ಸೊಸೆ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು. ಇನ್ನೇನು ಮಗಳನ್ನು ಎಬ್ಬಿಸಲು ಅವಳು ಒಳಗೆ ಬರುತ್ತಾಳೆ. ಪಕ್ಕದಲ್ಲಿ ಮಗು ಬಾಯಿ ತೆರೆದುಕೊಂಡು ಮಲಗಿತ್ತು. ಅಜ್ಜಿ ಯೋಚನೆ ಮಾಡಲಿಲ್ಲ. ಒಂದು ಕೈಯನ್ನು ಮಗುವಿನ ಕಂಕುಳಿಗೆ, ಇನ್ನೊಂದನ್ನು ಮಂಡಿಯ ಕೆಳಗೆ ಕೊಟ್ಟು, ಎತ್ತಿ ಒದ್ದೆಯ ಮೇಲೆ ಮಲಗಿಸಿದಳು.

ಸೊಸೆ ಬಂದು ನೋಡಿ ನಕ್ಕುಬಿಟ್ಟಳು. "ಏನೇ ಮಿಡತೆ, ಮೂರನೇ ಕ್ಲಾಸಿಗೆ ಬಂದ್ರೂ ಬಿಡ್ಲಿಲ್ವಾ? ಅಜ್ಜಿ ಸೀರೇನೂ ನೆನೆಸಿದೀಯ. ಹೋಗ್ಲಿ ಬಿಡಿ ಅತ್ತೆ, ಮಕ್ಕಳು ಮಾಡ್ದೆ ಇನ್ಯಾರು ಮಾಡ್ತಾರೆ."

ಕೂತಲ್ಲಿ ಕೂರದೆ ಹಾರುವ ಹುಡುಗಿಯಾದ್ದರಿಂದ ಮಿಡತೆ ಅಂತ ಹೆಸರು ಬಿದ್ದಿತ್ತು. ಆ ಬೆಳಿಗ್ಗೆ ಅವಳು ಹಾರಲಿಲ್ಲ. ತನ್ನ ಒದ್ದೆ ಲಂಗವನ್ನು ತಾನೇ ನೋಡಿಕೊಂಡು ಕೂತಳು.

ಕೆಟ್ಟ ಕೆಲಸ ಸಲೀಸಾಗಿ ನಡೆದುಬಿಟ್ಟರೆ ಮನುಷ್ಯ ಅದನ್ನು ಎರಡನೇ ಸಲ ಮಾಡದೆ ಬಿಡುವುದಿಲ್ಲ. ಅಜ್ಜಿ ಎರಡನೇ ಸಲವೂ ಮಾಡಿದಳು. ಆಮೇಲೆ ಅವಳ ಕೈಗೆ ಅದು ರೂಢಿಯಾಯಿತು. ಹಾಗಂತ ಅವಳು ಕೆಟ್ಟ ಹೆಂಗಸೇನಲ್ಲ. ಗಂಡ ಸತ್ತ ಮೇಲೆ ಊರವರ ಬಟ್ಟೆ ಹೊಲಿದು ಮಗನನ್ನು ಓದಿಸಿದವಳು, ಮೊಮ್ಮಗಳ ತಲೆ ಬಾಚಿ ಜಡೆ ಹಾಕಿ ಸ್ಕೂಲಿಗೆ ಬಿಟ್ಟು ಬರುವವಳು. ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು. ರೋಗ ಅಲ್ಲೇ ಇತ್ತು.

ಮೊದಮೊದಲು ನಗುತ್ತಿದ್ದ ಸೊಸೆಯ ನಗು ಬತ್ತಿತು. ಅವಳು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ವಾರ್ಡುಗಳಿಂದ ಗಂಟುಗಂಟಾಗಿ ಬರುವ ಹಾಸುಬಟ್ಟೆಗಳನ್ನು ಬಿಚ್ಚಿ, ರಕ್ತದ್ದು ಬೇರೆ, ಉಚ್ಚೆಯದ್ದು ಬೇರೆ ಅಂತ ವಿಂಗಡಿಸಿ ದೊಡ್ಡ ಮಷಿನ್ನಿಗೆ ತುಂಬುವುದು ಅವಳ ಕೆಲಸ. ಅಲ್ಲಿ ಮೂಗು ಮುರಿಯದ ಹೆಂಗಸು ಮನೆಗೆ ಬಂದರೆ ಕೆರಳುತ್ತಿದ್ದಳು. ಹೊರಗೆ ಅದೇ, ಒಳಗೂ ಅದೇ, ನನ್ನ ಹಣೆಬರಹದಲ್ಲಿ ಉಚ್ಚೆ ಬಟ್ಟೆ ಬಿಟ್ಟು ಬೇರೇನೂ ಬರೆದಿಲ್ಲ ಅನ್ನುತ್ತಿದ್ದಳು. ಸಂಜೆಯಾದ ಮೇಲೆ ಮಗುವಿಗೆ ನೀರು ಬಂದ್ ಮಾಡಿದಳು. ಊಟಕ್ಕೆ ಕೂತಾಗ ಎಲ್ಲರ ಮುಂದೆಯೂ ಲೋಟ, ಮಿಡತೆಯ ಮುಂದೆ ಇಲ್ಲ. ಖಾರವಾದರೆ ಮೊಸರು ನೆಕ್ಕು ಅನ್ನುತ್ತಿದ್ದಳು.

ಮಗ ಬಸ್ ಡಿಪೋದಲ್ಲಿ ಹರಿದ ಸೀಟು ಹೊಲಿಯುವವನು. ಅಮ್ಮನಿಂದ ಬಂದ ವಿದ್ಯೆ. ಅವನು ಒಂದು ದಿನ ಸೀಟಿಗೆ ಹಾಕುವ ಕಂದು ರೆಕ್ಸಿನ್ನಿನ ತುಂಡೊಂದನ್ನು ಸುತ್ತಿಕೊಂಡು ಬಂದು ಮಗಳ ಕಡೆಯ ಹಾಸಿಗೆಗೆ ಹಾಸಿದ. ಮಗ್ಗುಲಾದರೆ ಕಿರ್ರೆನ್ನುತ್ತಿತ್ತು, ಬೆನ್ನು ಬೆವರುತ್ತಿತ್ತು.

"ಬಸ್ಸಲ್ಲಿ ಮಲಗಿದ ಹಂಗಿದೆ," ಅಂದಳು ಮಿಡತೆ.

"ಟಿಕೆಟ್ ತಗೋ ಮತ್ತೆ," ಅಂದ ಅಪ್ಪ. ಅವಳಿಗೆ ನಗು ಬರಲಿಲ್ಲ.

ರೆಕ್ಸಿನ್ ಹಾಕಿದ್ದು ಒಂದು ಕಡೆ, ಒದ್ದೆಯಾಗುತ್ತಿದ್ದುದು ಇನ್ನೊಂದು ಕಡೆ. ಮಗು ಹೊರಳಾಡುತ್ತದೆ, ನನ್ನ ಕಡೆಗೇ ಬಂದುಬಿಡುತ್ತದೆ ಅಂತ ಅಜ್ಜಿ ಹೇಳಿದಳು. ಯಾರೂ ಅನುಮಾನ ಪಡಲಿಲ್ಲ. ಮಿಡತೆಯೂ ಪಡಲಿಲ್ಲ. ಅವಳು ಅಜ್ಜಿಯ ಕುತ್ತಿಗೆ ತಬ್ಬಿಕೊಂಡು ಒಂದೇ ಒಂದು ಬೇಡಿಕೆ ಇಟ್ಟಳು. "ಅಜ್ಜಿ, ನಾನು ಮಾಡೋವಾಗ ನಿಂಗೆ ಗೊತ್ತಾಗುತ್ತಲ್ಲ, ಆಗ ನನ್ನ ಎಬ್ಬಿಸಿಬಿಡು. ಪ್ಲೀಸ್."

ಎಬ್ಬಿಸ್ತೀನಿ ಅಂತ ಅಜ್ಜಿ ಮಾತು ಕೊಟ್ಟಳು.

ಇದು ಶುರುವಾದ ಹೊಸದರಲ್ಲಿ, ಇನ್ನೂ ಯಾರೂ ಲೆಕ್ಕ ಇಡದಿದ್ದಾಗ, ಮಗು ಸೋದರಮಾವನ ಮನೆಗೋ ಗೆಳತಿಯ ಮನೆಗೋ ಹೋಗಿ ಉಳಿದ ದಿನ ಅಜ್ಜಿಗೆ ಬೇರೆ ದಾರಿ ಇತ್ತು. ಬಿಲ್ಡಿಂಗಿನವರು ಏಳುವ ಮೊದಲೇ ಹಾಸುಬಟ್ಟೆ ಜಾಲಿಸಿ, ಬಿಸಿಲಿಗೆ ಹಾಕುವ ನೆಪದಲ್ಲಿ ಹಾಸಿಗೆಯನ್ನೂ ಹೊತ್ತು ತಾರಸಿಗೆ ಹೋಗಿ ಒಣಹಾಕಿ, ಅವು ಒಣಗುವವರೆಗೆ ಅಲ್ಲೇ ಕೂತು, ಮಡಚಿಕೊಂಡು ಇಳಿಯುತ್ತಿದ್ದಳು. ಅಷ್ಟರಲ್ಲಿ ಮನೆಯ ಮಾಲೀಕ ತಾರಸಿಯ ಮೇಲೆ ಮೊಬೈಲ್ ಟವರ್ ಕೂರಿಸಲು ಒಪ್ಪಿಕೊಂಡು ಬಾಗಿಲಿಗೆ ಬೀಗ ಜಡಿದ. ಎರಡು ಕೋಣೆಯ ಮನೆಯಲ್ಲಿ ಎಲ್ಲಿ ನೋಡಿದರೂ ಹಗ್ಗ. ಊಟಕ್ಕೆ ಕೂತವರ ತಲೆಯ ಮೇಲೆ ಬನಿಯನ್ನು ಹನಿಯುತ್ತಿತ್ತು. ಯೂನಿಫಾರ್ಮಿಗೆ ಮುಗ್ಗಲು ವಾಸನೆ. ಹಳೆಯ ವಾಷಿಂಗ್ ಮಷಿನ್ನು ಅದೇ ವಾರ ಗಡಗಡ ಅಂದು ನಿಂತಿತು.

ಒಣಗಿಸುವ ಮಷಿನ್ನೂ ಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಎರಡೂ ಕೆಲಸ ಮಾಡುವ ಒಂದೇ ಮಷಿನ್ನು ತರುವುದೋ, ಒಗೆಯುವುದಕ್ಕೊಂದು ಒಣಗಿಸುವುದಕ್ಕೊಂದು ಅಂತ ಬೇರೆ ಬೇರೆ ತರುವುದೋ ಅನ್ನುವುದೇ ಜಗಳ.

ಭಾನುವಾರ ನಾಲ್ವರೂ ಅಂಗಡಿಗೆ ಹೋದರು. ಸೊಸೆಗೆ ತನಗೇನು ಬೇಕು ಅನ್ನುವುದು ಗೊತ್ತಿತ್ತು. ಎರಡು ಬೇಕು, ಒಂದರ ಮೇಲೊಂದು ಕೂರಿಸಿದರೆ ಬಚ್ಚಲಿನ ಪಕ್ಕದ ಮೂಲೆಯಲ್ಲೇ ಹಿಡಿಯುತ್ತದೆ. ಒಂದೇ ಮಷಿನ್ನಾದರೆ ಒಗೆದಷ್ಟನ್ನು ಒಂದೇ ಸಲಕ್ಕೆ ಒಣಗಿಸುವುದಿಲ್ಲ, ಅರ್ಧ ತೆಗೆದಿಡಬೇಕು. ಅದು ಒಣಗಿಸುತ್ತಾ ಕೂತರೆ ಅರ್ಧ ದಿನ ಬೇರೆ ಬಟ್ಟೆ ಹಾಕುವ ಹಾಗಿಲ್ಲ. ಕೆಟ್ಟರೆ ಎರಡೂ ಕೆಟ್ಟಂತೆ. ಅಂಗಡಿಯ ಹುಡುಗ ಇಷ್ಟನ್ನೂ ಕೇಳಿ, ಅಕ್ಕಾ ನೀವೇ ಬಂದು ಇಲ್ಲಿ ಕೆಲಸಕ್ಕೆ ಸೇರಿಬಿಡಿ ಅಂದ.

ಮಗನಿಗೆ ಒಂದೇ ಸಾಕೆನಿಸಿತ್ತು. "ಮನೇಲಿ ಒಂದು ಹೆಂಡ್ತೀನ ಸುಧಾರಿಸೋದೇ ಕಷ್ಟ. ಇನ್ನು ಎರಡೆರಡು ಮಷಿನ್ ಎಲ್ಲಿಂದ ಸಾಕೋದು?"

"ಸುಧಾರಿಸ್ತಿರೋಳು ನಾನು. ನೀವಲ್ಲ," ಅಂದಳು ಹೆಂಡತಿ.

ಅಜ್ಜಿ ಇಬ್ಬರನ್ನೂ ಬಿಟ್ಟು, ದುಂಡನೆಯ ಗಾಜಿನ ಬಾಗಿಲಿದ್ದ ಜೋಡಿ ಕೆಲಸದ ಮಷಿನ್ನಿನ ಮುಂದೆ ನಿಂತಿದ್ದಳು. ಅಂಗಡಿಯ ಹುಡುಗನನ್ನು ಹತ್ತಿರ ಕರೆದಳು.

"ಒಳಗೆ ಹಾಕಿದ್ದು ಹಂಗೇ ಒಣಗಿ ಬರುತ್ತಾ ಮರಿ? ನಡುವೆ ಬಾಗಿಲು ತೆಗೆದು ಏನೂ ಮಾಡಬೇಕಾಗಿಲ್ವಾ?"

"ಏನೂ ಬೇಡ ಅಜ್ಜಿ. ಬಟನ್ ಒತ್ತಿ ಮಲ್ಕೊಂಡ್ರೆ ಆಯ್ತು. ನಡುವೆ ಯಾರೂ ಮುಟ್ಟಬೇಕಾಗಿಲ್ಲ."

"ಇದೇ ಇರಲಿ," ಅಂದಳು ಅಜ್ಜಿ, ಮಗನ ಕಡೆ ತಿರುಗಿ.

ಎಂದೂ ಏನನ್ನೂ ಕೇಳದ ಹೆಂಗಸು. ಮಗನಿಗೂ ಅದೇ ಬೇಕಿತ್ತು. ಸೊಸೆ ಮನೆಗೆ ಬಂದು ಅಕ್ಕಿ ತೊಳೆಯುತ್ತಾ ಶುರು ಮಾಡಿದಳು. ದಿನವೆಲ್ಲ ಮಷಿನ್ನಿನ ಜೊತೆ ಬಾಳುವವಳ ಮಾತಿಗೆ ಈ ಮನೆಯಲ್ಲಿ ಕಾಸಿನ ಬೆಲೆ ಇಲ್ಲ, ಇಸ್ತ್ರಿ ಪೆಟ್ಟಿಗೆ ಮುಟ್ಟಲೂ ಹೆದರುವ ಅತ್ತೆಗೆ ಇವತ್ತು ಮಷಿನ್ನಿನ ವಿಚಾರ ಗೊತ್ತಾಯಿತಾ ಅಂತ ಕೇಳಿದಳು. ಅಜ್ಜಿ ತರಕಾರಿ ಹೆಚ್ಚುತ್ತಲೇ ಇದ್ದಳು.

"ಬಟ್ಟೆ ಎತ್ತಿ ಹಾಕೋದು ನಾನು ತಾನೇ ಅತ್ತೆ? ನಂಗಿಲ್ಲದ ಕಷ್ಟ ನಿಮಗೇನು?"

"ಇನ್ಮೇಲೆ ನೀನು ಎತ್ತಿ ಹಾಕೋದು ಬೇಡ. ಮನೆ ಬಟ್ಟೆ ನಾನು ನೋಡ್ಕೋತೀನಿ."

"ಹಂಗಾದ್ರೆ ನೀವೇ ಒಗೀರಿ. ಒಣಗಲಿಲ್ಲ ಅಂತ ನನ್ನ ಹತ್ರ ಬರಬೇಡಿ."

ಅಜ್ಜಿಗೆ ಬೇಕಾಗಿದ್ದುದೂ ಅದೇ. ಮಷಿನ್ನು ಬಂತೆಂದರೆ ಮಗುವಿನ ತಂಟೆಗೇ ಹೋಗುವುದಿಲ್ಲ, ಒದ್ದೆಯಾದ್ದನ್ನು ತಾನೇ ಎದ್ದು ಹಾಕಿ ಬಟನ್ ಒತ್ತುತ್ತೇನೆ, ಮಗುವನ್ನು ಇನ್ನು ಎತ್ತಿ ಹಾಕುವುದಿಲ್ಲ. ಹಾಗಂತ ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಹೇಳಿಕೊಂಡದ್ದು ನಿಜ. ಅದು ಒಳ್ಳೆಯ ಯೋಚನೆಯೇ. ತಡವಾದ ಯೋಚನೆ.

ಯಾಕೆಂದರೆ ಆ ನಡುವೆ ಸ್ಕೂಲಿನಿಂದ ಚೀಟಿ ಬಂತು. ಮೂರನೇ ಕ್ಲಾಸಿನವರನ್ನು ಸಮುದ್ರ ನೋಡಲು ಕರೆದುಕೊಂಡು ಹೋಗುತ್ತಾರೆ, ಒಂದು ರಾತ್ರಿ ಅಲ್ಲೇ ಉಳಿಯುವುದು, ಕ್ಲಾಸಿನ ಎಲ್ಲ ಹುಡುಗಿಯರೂ ಒಂದೇ ಹಾಲಿನಲ್ಲಿ ಸಾಲಾಗಿ ಮಲಗುವುದು. ಮಿಡತೆ ಚೀಟಿಯನ್ನು ಅಮ್ಮನ ಮುಂದೆ ಇಟ್ಟು ಒಂಟಿ ಕಾಲಿನಲ್ಲಿ ನಿಂತಳು.

ಸೊಸೆ ಓದಿದಳು. ಆಗುವುದಿಲ್ಲ ಅಂದಳು. ಮಗ ಬಾಯಿ ಹಾಕಿದ, ಒಂದು ರಾತ್ರಿ ತಾನೇ, ರೆಕ್ಸಿನ್ ಕೊಟ್ಟು ಕಳಿಸೋಣ ಅಂತ. ಗಾಳಿ ಬಂದ ಕಡೆ ತೂರಿಕೊಳ್ಳುವವನ ಮಾತಿಗೆ ತೂಕ ಎಲ್ಲಿಂದ ಬರಬೇಕು? ಅಷ್ಟು ಮಕ್ಕಳ ನಡುವೆ ರೆಕ್ಸಿನ್ ಹಾಸಿಕೊಂಡು ಮಲಗಿದರೆ ಅವಳು ಕಾಲೇಜಿಗೆ ಹೋಗುವವರೆಗೂ ಅದೇ ಹೆಸರಿಟ್ಟು ಕರೆಯುತ್ತಾರೆ ಅಂತ ಸೊಸೆ ಬಾಯಿ ಮುಚ್ಚಿಸಿದಳು.

ಮಿಡತೆ ಅಜ್ಜಿಯ ಮುಖ ನೋಡಿದಳು. ಮನೆಯಲ್ಲಿ ಅಮ್ಮನ ಮಾತನ್ನು ತಿರುಗಿಸಬಲ್ಲವಳು ಅಜ್ಜಿ ಒಬ್ಬಳೇ.

ಅಲ್ಲಿ ಮಗು ಒಣಗಿದ ಬಟ್ಟೆಯಲ್ಲಿ ಏಳುತ್ತದೆ. ಇಲ್ಲಿ ಮಗುವಿಲ್ಲದ ಹಾಸಿಗೆ ಒದ್ದೆಯಾಗುತ್ತದೆ. ಮಷಿನ್ನು ಇನ್ನೂ ಬಂದಿರಲಿಲ್ಲ, ತಾರಸಿಗೆ ಬೀಗ. ಅಜ್ಜಿ ಅನ್ನ ಕಲಸುತ್ತಾ, ತಟ್ಟೆಯಿಂದ ಕಣ್ಣೆತ್ತದೆ, "ಮುಂದಿನ ವರ್ಷ ಹೋಗ್ಲಿ ಬಿಡು. ಸಮುದ್ರ ಎಲ್ಲಿಗೂ ಓಡಿಹೋಗಲ್ಲ," ಅಂದಳು.

ಊರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಅನ್ನುತ್ತಾರೆ. ಇವಳು ತಳ್ಳಿದ್ದು ತನ್ನ ಮಡಿಲ ಮಗುವನ್ನೇ.

ಪ್ರವಾಸದಿಂದ ಬಂದ ಗೆಳತಿ ಮಿಡತೆಗೆ ಒಂದು ಪುಟ್ಟ ಶಂಖ ಕೊಟ್ಟಳು. ಅವಳು ಅದನ್ನು ಕಿವಿಗೆ ಹಿಡಿದು ಕೇಳಲಿಲ್ಲ, ಬ್ಯಾಗಿನ ತಳಕ್ಕೆ ಹಾಕಿದಳು.

ಮಷಿನ್ನು ಬಂತು. ಸೊಸೆ ಹೇಳಿದ್ದೆಲ್ಲ ನಿಜವಾಯಿತು. ಅಜ್ಜಿ ಒಂದು ಹಾಸುಬಟ್ಟೆ, ಒಂದು ಹೊದಿಕೆ, ತನ್ನ ಸೀರೆ ಹಾಕಿ ಬಟನ್ ಒತ್ತಿದರೆ ಅದು ಮಧ್ಯಾಹ್ನದವರೆಗೂ ಗಿರಗುಟ್ಟುತ್ತಿತ್ತು. ಅಷ್ಟಾದರೂ ಹೊದಿಕೆಯ ನಡುಭಾಗ ಹಸಿ. ಮಿಕ್ಕವರ ಬಟ್ಟೆ ಬಕೆಟ್ಟಿನಲ್ಲಿ ನೆನೆದುಕೊಂಡು ಸರದಿ ಕಾಯುತ್ತಿತ್ತು. ಮಗ ಅರೆ ಒಣಗಿದ ಅಂಗಿ ಹಾಕಿಕೊಂಡು ಡಿಪೋಗೆ ಹೋದ, ನೆಗಡಿ ಹಿಡಿಸಿಕೊಂಡ. ಸೊಸೆ ತುಟಿ ಬಿಗಿಹಿಡಿದು ಓಡಾಡಿದಳು. ನಾನು ಹೇಳಿರಲಿಲ್ಲವಾ ಅಂತ ಬಾಯಿಬಿಟ್ಟು ಹೇಳುವುದಕ್ಕಿಂತ ಅದು ಜೋರಾಗಿ ಕೇಳುತ್ತಿತ್ತು.

ಅದಕ್ಕಿಂತ ದೊಡ್ಡ ಎಡವಟ್ಟು ಅಜ್ಜಿಗೆ ಮೊದಲ ವಾರದಲ್ಲೇ ಗೊತ್ತಾಯಿತು. ಮಷಿನ್ನು ಹಾಸುಬಟ್ಟೆ ಒಗೆಯುತ್ತದೆ, ಹಾಸಿಗೆಯನ್ನು ಒಗೆಯುವುದಿಲ್ಲ. ಹತ್ತಿ ಹಾಸಿಗೆಯ ಮೇಲಿನ ಒದ್ದೆ ಗುರುತು ಅಲ್ಲೇ ಇರುತ್ತಿತ್ತು. ಅದಕ್ಕೆ ಕಾರಣ ಹೇಳಲು ಮಗು ಬೇಕೇ ಬೇಕು. ಬಿಟ್ಟೆ ಅಂದುಕೊಂಡದ್ದನ್ನು ಅವಳ ಕೈ ಮತ್ತೆ ಮಾಡಿತು.

ಮಿಡತೆ ಈಗ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಅಜ್ಜಿ ಎಬ್ಬಿಸುತ್ತೇನೆ ಅಂದವಳು ಒಂದು ಸಲವೂ ಎಬ್ಬಿಸಲಿಲ್ಲ. ತನ್ನನ್ನು ತಾನೇ ಹಿಡಿಯಬೇಕು ಅಂತ ಅವಳು ತೀರ್ಮಾನ ಮಾಡಿದಳು. ಕೆನ್ನೆಯ ಒಳಭಾಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಚ್ಚರವಾಗಿದ್ದಳು. ನಿದ್ದೆ ಬಂದುಬಿಡುತ್ತಿತ್ತು. ಮತ್ತೆ ಕಚ್ಚಿಕೊಂಡಳು. ಹೀಗೆ ಎಷ್ಟೋ ದಿನ ಸೋತು, ಒಂದು ದಿನ ಕಿಟಕಿ ಬೆಳ್ಳಗಾಗುವ ಹೊತ್ತಿಗೆ ತಾನಾಗಿಯೇ ಎಚ್ಚರವಾಯಿತು. ಮುಟ್ಟಿ ನೋಡಿಕೊಂಡಳು, ಒಣಗಿತ್ತು. ಖುಷಿಯಿಂದ ಅಜ್ಜಿಯನ್ನು ಎಬ್ಬಿಸಬೇಕೆನ್ನುವಷ್ಟರಲ್ಲಿ ಅಜ್ಜಿ ಎದ್ದು ಕೂತಳು. ಮಿಡತೆ ಯಾಕೋ ಕಣ್ಣು ಮುಚ್ಚಿಕೊಂಡಳು. ಒಂದು ಕೈ ಕಂಕುಳಿಗೆ ಬಂತು, ಇನ್ನೊಂದು ಮಂಡಿಯ ಕೆಳಗೆ. ಬೆನ್ನಿಗೆ ಬೆಚ್ಚನೆಯ ಒದ್ದೆ ತಾಗಿತು. ಅವಳು ಕಣ್ಣು ತೆರೆಯಲಿಲ್ಲ.

ಬೆಳಿಗ್ಗೆ ಟೀ ಹೊತ್ತು. ಮಗ ಮೊಟ್ಟೆ ಸುಲಿಯುತ್ತಿದ್ದ. ಸೊಸೆ ಡಬ್ಬಿಗೆ ಅನ್ನ ತುಂಬುತ್ತಾ ಎಂದಿನ ಪುರಾಣ ಎತ್ತಿದ್ದಳು. ಕತ್ತೆಯಷ್ಟಾದರೂ ನಾಚಿಕೆಯಿಲ್ಲ, ನಾಳೆ ದೊಡ್ಡವಳಾದ ಮೇಲೂ ಹೀಗೇ ಮಾಡುತ್ತೀಯಾ ಅಂತ.

ಮಿಡತೆ ಬ್ರೆಡ್ಡಿನ ಚೂರನ್ನು ಟೀಗೆ ಅದ್ದಿ ಹಿಡಿದುಕೊಂಡಿದ್ದಳು. "ನಾನು ಮಾಡಿಲ್ಲ. ಅಜ್ಜಿ ನನ್ನ ಎತ್ತಿ ಅದರ ಮೇಲೆ ಇಟ್ಟಳು."

ಸೊಸೆ ಡಬ್ಬಿ ಕೆಳಗಿಟ್ಟಳು.

"ಏನಂದೆ?"

"ಅಜ್ಜಿ ಎತ್ತಿ ಇಟ್ಟಳು. ನಾನು ಎಚ್ಚರ ಇದ್ದೆ."

ಸೊಸೆ ಕೆನ್ನೆಗೆ ಬಾರಿಸಿದಳು. ಮಾಡುವುದನ್ನೂ ಮಾಡಿ, ಬೆಳಗಿಂದ ಸಂಜೆವರೆಗೂ ನಿನ್ನನ್ನು ಸಾಕುವ ಮುದುಕಿಯ ಮೇಲೆ ಹಾಕುತ್ತೀಯಾ, ನಾಲಿಗೆ ಬಿದ್ದುಹೋಗುತ್ತದೆ ಅಂದಳು. ಬ್ರೆಡ್ಡಿನ ಚೂರು ನೆಂದು ಟೀಯೊಳಗೆ ಬಿತ್ತು. ಮಗು ಅಳಲಿಲ್ಲ. ಅಜ್ಜಿಯನ್ನು ನೋಡುತ್ತಾ ಕೂತಿತು. ಸೊಸೆ ಇನ್ನೊಂದು ಸಲ ಕೈ ಎತ್ತಿದಳು.

"ಹೊಡೀಬೇಡ," ಅಂದಳು ಅಜ್ಜಿ. "ಅದು ಸುಳ್ಳು ಹೇಳಿಲ್ಲ."

ಮಗನ ಕೈಯಲ್ಲಿ ಮೊಟ್ಟೆ ಅರ್ಧ ಸುಲಿದಲ್ಲೇ ನಿಂತಿತು. ಇವತ್ತೊಂದೇ ದಿನವಾ ಅಂತ ಅವನು ಕೇಳಿದ. ಅಜ್ಜಿ ಇಲ್ಲ ಅಂತ ತಲೆಯಾಡಿಸಿದಳು. ಮೊದಲ ದಿನದಿಂದಲೂ ಅಂದಳು.

"ಹುಚ್ಚು ಹಿಡಿದಿತ್ತೇನಮ್ಮ ನಿಂಗೆ?" ಅಂದ ಮಗ. ತಟ್ಟೆ ಸರಿಸಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕೆಲಸಕ್ಕೆ ಹೊರಟುಬಿಟ್ಟ. ಗಂಡಸರಿಗೆ ಇಂಥ ಹೊತ್ತಲ್ಲಿ ಯಾವಾಗಲೂ ಕೆಲಸಕ್ಕೆ ಹೊತ್ತಾಗಿರುತ್ತದೆ.

ಸೊಸೆ ನೆಲದ ಮೇಲೆ ಕೂತಳು. ಮಗಳ ಕೆನ್ನೆಯ ಮೇಲೆ ತನ್ನದೇ ಬೆರಳುಗಳು ಕೆಂಪಗೆ ಏಳುತ್ತಿದ್ದವು. "ದಿನಾ ಊರಿನವರದ್ದೆಲ್ಲ ಒಗೀತೀನಿ ಅತ್ತೆ. ಯಾರು ಏನು ಅಂತಾನೂ ಗೊತ್ತಿರಲ್ಲ. ನಿಮ್ಮದೊಂದು ಒಗೀತಿರಲಿಲ್ವಾ?"

"ಮಗೂಗೇ ಹಂಗೆಲ್ಲ ಅಂದೆ," ಅಂದಳು ಅಜ್ಜಿ. "ನಂಗೇನಂತೀಯೋ ಅಂತ ಹೆದರಿಕೊಂಡೆ."

ಸೊಸೆ ಸೆರಗನ್ನು ನೀರಿಗೆ ಅದ್ದಿ ಮಗಳ ಕೆನ್ನೆಗೆ ಒತ್ತಿದಳು.

ಡಾಕ್ಟರು ಮುದುಕಿಯರಿಗೆ ಇದು ಆಗುವುದೇ ಅಂದರು. ಮಾತ್ರೆ ಕೊಟ್ಟರು, ಕೂತುಕೊಂಡು ಮಾಡುವ ಒಂದು ವ್ಯಾಯಾಮ ಹೇಳಿಕೊಟ್ಟರು, ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಅಂದರು. ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಮಗ ಅಮ್ಮನ ಹಾಸಿಗೆಗೆ ಹೊಸ ರೆಕ್ಸಿನ್ ತಂದು, ಕಿರ್ರೆನ್ನದ ಹಾಗೆ ಮೇಲೆ ಮೆತ್ತನೆಯ ಬಟ್ಟೆ ಕೂರಿಸಿ ಅಂಚು ಹೊಲಿದುಕೊಟ್ಟ. ಮಗಳಿಗೆ ಹಾಕಿದಾಗ ಈ ಉಪಾಯ ಅವನ ತಲೆಗೆ ಬಂದಿರಲಿಲ್ಲ.

ಸೊಸೆ ಬೆಳಿಗ್ಗೆ ಬಂದು ಒದ್ದೆಯಾದ ಹಾಸುಬಟ್ಟೆಗೆ ಕೈ ಚಾಚುತ್ತಿದ್ದಳು. ಕೊಡಿ ಅತ್ತೆ, ನಾನು ಹಾಕುತ್ತೇನೆ ಅನ್ನುತ್ತಿದ್ದಳು. ಬೇಡ ಬಿಡು, ಅದು ತಾನೇ ಒಗೆದು ತಾನೇ ಒಣಗಿಸುತ್ತದೆ ಅಂತ ಅಜ್ಜಿ ಎದೆಗೆ ಅವಚಿಕೊಂಡು ಮಷಿನ್ನಿನ ಕಡೆ ನಡೆಯುತ್ತಿದ್ದಳು. ಮಷಿನ್ನನ್ನು ಬದಲಾಯಿಸಿಕೊಡುತ್ತಾರಾ ಅಂತ ಸೊಸೆ ಅಂಗಡಿಯಲ್ಲಿ ವಿಚಾರಿಸಿದ್ದಳು. ಬಳಸಿದ್ದನ್ನು ಅವರು ವಾಪಸ್ ತೆಗೆದುಕೊಳ್ಳುವುದಿಲ್ಲ.

ಮಿಡತೆಯನ್ನು ಅಪ್ಪ ಅಮ್ಮನ ಕೋಣೆಗೆ ಹಾಕಿದರು. ಅವಳು ಅಜ್ಜಿಯ ಹತ್ತಿರ ಜಗಳವಾಡಲಿಲ್ಲ. ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಜಡೆಯನ್ನು ಮಾತ್ರ ಅಮ್ಮನ ಹತ್ತಿರ ಹಾಕಿಸಿಕೊಳ್ಳುತ್ತಿದ್ದಳು. ಬಿಗಿಯಾಗಿ ಹಾಕಲು ಬಾರದ ಅಮ್ಮನ ಜಡೆ ಸ್ಕೂಲು ಮುಟ್ಟುವುದರೊಳಗೆ ಬಿಚ್ಚಿಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಸ್ಕೂಲಿನಿಂದ ಬಂದಾಗ ಅಜ್ಜಿ ಮಷಿನ್ನಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ದುಂಡು ಗಾಜಿನ ಹಿಂದೆ ಬಿಳಿ ಹಾಸುಬಟ್ಟೆ ಏಳುತ್ತಿತ್ತು, ಬೀಳುತ್ತಿತ್ತು. ಮಿಡತೆ ಬ್ಯಾಗು ಇಳಿಸದೆ ಹಿಂದೆ ಬಂದು ನಿಂತಳು.

"ಅಜ್ಜಿ."

ಅಜ್ಜಿ ತಿರುಗಿದಳು. ಮಗು ತಾನಾಗಿ ಬಂದು ಕರೆದು ಬಹಳ ದಿನವಾಗಿತ್ತು.

"ಒಂದ್ ಸಲಾನಾದ್ರೂ ನಾನು ಮಾಡಿದ್ನಾ?"

"ಇಲ್ಲ ಕಂದ. ಒಂದ್ ಸಲಾನೂ ನೀನು ಮಾಡಿಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ. ಎಲ್ಲಾ ನಾನೇ."

ಮಿಡತೆ ಗಾಜಿನ ಕಡೆ ನೋಡುತ್ತಾ ಲೆಕ್ಕ ಹಾಕುವವಳ ಹಾಗೆ ನಿಂತಳು. ಆಮೇಲೆ, ಸಿಟ್ಟಿಲ್ಲದೆ, ಗೊತ್ತಿಲ್ಲದ್ದನ್ನು ಟೀಚರಿಗೆ ಕೇಳುವ ಹಾಗೆ ಕೇಳಿದಳು. "ಆವಾಗ ಮಿಡತೆನೇ ಮಾಡಿದ್ದು ಅಂತಾನೂ ನೀನು ಹಿಂಗೇ ಹೇಳ್ತಿದ್ದೆ. ಈಗ ಹೇಳೋದನ್ನ ಹೆಂಗೆ ನಂಬೋದು?"

ಅಜ್ಜಿ ಅವಳ ಬಿಚ್ಚಿಹೋದ ಜಡೆಗೆ ಕೈ ಚಾಚಿದಳು. ಮಗು ಹಿಂದೆ ಸರಿದು, ಬ್ಯಾಗು ಹೊತ್ತುಕೊಂಡೇ ಒಳಗೆ ಹೋಯಿತು.

ರಾತ್ರಿಯ ಊಟಕ್ಕೆ ಸೊಸೆ ನಾಲ್ಕು ಲೋಟ ಇಟ್ಟಳು. ನಿಜ ಗೊತ್ತಾದ ಆ ಬೆಳಗಿನಿಂದ ಅವಳು ದಿನವೂ ನಾಲ್ಕೇ ಇಡುತ್ತಿದ್ದಳು. ಮಿಡತೆ ತನ್ನ ಲೋಟವನ್ನು ಎಂದಿನ ಹಾಗೆ ಬೆರಳ ತುದಿಯಿಂದ ಮೆಲ್ಲಗೆ ಅಪ್ಪನ ಕಡೆಗೆ ತಳ್ಳಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು. ಕುಡಿ ಮಗಳೇ ಅಂದಳು ಅಮ್ಮ. ಕುಡಿಯಮ್ಮ ಅಂದ ಅಪ್ಪ.

ಮಿಡತೆ ಮೊಸರು ನೆಕ್ಕಿ, ಕೈ ತೊಳೆದು, ಮೂಲೆಯಲ್ಲಿ ಸುತ್ತಿಟ್ಟಿದ್ದ ಕಂದು ರೆಕ್ಸಿನ್ನನ್ನು ಎತ್ತಿಕೊಂಡು ಅಪ್ಪ ಅಮ್ಮನ ಕೋಣೆಗೆ ಹೋಗಿ ತನ್ನ ಹಾಸಿಗೆಯ ಮೇಲೆ ಹಾಸತೊಡಗಿದಳು. ಅದು ಕಿರ್ರೆನ್ನುವುದು ಅಡುಗೆಮನೆಯವರೆಗೂ ಕೇಳಿಸಿತು.